ಲಾರಿಗೆ ಟೈರು ಕೊಳ್ಳುವ ಮುಂಚೆ



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಅವರ ಯಜಮಾನರದು ಆರು ಚಕ್ರದ ಹಳೇ ಟಿಪ್ಪರ್ ಲಾರಿ. ಕ್ರಷರಿನಿಂದ ಜಲ್ಲಿ ಸಾಗಿಸುವ ಕೆಲಸ. ಲಾರಿ ಸಾಲದ ಕಾಗದಕ್ಕೆ ಅಕ್ಕ ಹೆಬ್ಬೆಟ್ಟು ಒತ್ತಿದ್ದರು. ಆಮೇಲೆ ಅಕ್ಷರ ಕಲಿತರು. ಸಹಿ ಹಾಕುವುದನ್ನೂ ಕಲಿತರು.

2022ರ ಬೇಸಿಗೆ. ಒಂದು ಮಧ್ಯಾಹ್ನ ಲಾರಿಯ ಮುಂದಿನ ಟೈರು ಸಿಡಿಯಿತು. ಲಾರಿ ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿತು. ಜೀವ ಉಳಿಯಿತು. ಆದರೆ ಯಜಮಾನರ ಕಾಲು ಮುರಿಯಿತು. ಮೂರು ತಿಂಗಳು ದುಡಿಮೆ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಅಕ್ಕನ ಕಿವಿಯೋಲೆ ಅಡವಿಗೆ ಹೋಯಿತು.

ಅಕ್ಕ ನಮ್ಮನ್ನು ಕೇಳಿದರು. "ಟೀಚರ್, ಆ ಟೈರು ಹೊಸದಾಗೇ ಕಾಣ್ತಿತ್ತು. ಮತ್ಯಾಕೆ ಸಿಡೀತು?"

ನಮಗೂ ಉತ್ತರ ಗೊತ್ತಿರಲಿಲ್ಲ. ಟೈರು ಅಂಗಡಿಯವರನ್ನು ಕೇಳಿದೆವು. ಪಂಕ್ಚರ್ ಹಾಕುವವರನ್ನು ಕೇಳಿದೆವು. ಹಳೇ ಡ್ರೈವರುಗಳನ್ನು ಕೇಳಿದೆವು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಲಾರಿ ವಿಷಯ ನಮಗ್ಯಾಕೆ?

"ಟೈರು, ಲಾರಿ ಎಲ್ಲಾ ಗಂಡಸರ ವಿಷಯ. ನಮಗ್ಯಾಕೆ?" ಎಂದು ಕೆಲವರು ಕೇಳಬಹುದು.

ಸಾಲದ ಕಾಗದಕ್ಕೆ ಸಹಿ ಯಾರದು? ನಮ್ಮದೂ ಇರುತ್ತದೆ. ಸಂಘದಲ್ಲಿ ಸಾಲ ಎತ್ತುವವರು ಯಾರು? ನಾವೇ. ಲಾರಿ ಓಡಿಸುವವರು ಯಾರು? ನಮ್ಮ ಗಂಡ, ನಮ್ಮ ಮಗ, ನಮ್ಮ ತಮ್ಮ. ಒಂದು ಲಾರಿ ಟೈರಿಗೆ ಸಾವಿರಾರು ರೂಪಾಯಿ ಆಗುತ್ತದೆ. ಎಮ್ಮೆ ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ. ಟೈರು ಕೊಳ್ಳುವಾಗ ಸುಮ್ಮನೆ ದುಡ್ಡು ಎಣಿಸಿ ಕೊಟ್ಟರೆ ಹೇಗೆ?

ಟೈರಿನ ಒಳಗೆ ಏನಿದೆ?

ಟೈರು ಬರೀ ರಬ್ಬರ್ ಅಲ್ಲ. ಒಳಗೆ ದಾರದ ಪದರಗಳಿವೆ. ಕೆಲವು ಟೈರುಗಳಲ್ಲಿ ನೈಲಾನ್ ದಾರ. ಕೆಲವುಗಳಲ್ಲಿ ಉಕ್ಕಿನ ತಂತಿ. ಅದರ ಮೇಲೆ ರಬ್ಬರಿನ ಹೊದಿಕೆ. ಈ ರಬ್ಬರಿಗೆ ಇಂಗಾಲದ ಕರಿ ಪುಡಿ ಸೇರಿಸುತ್ತಾರೆ. ಅದರಿಂದ ರಬ್ಬರು ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಟೈರು ಕಪ್ಪಗಿರುವುದು ಅದಕ್ಕೇ.

ಲಾರಿ ಟೈರಿಗೆ ಮರದ ರಬ್ಬರು ಹೆಚ್ಚು ಬೇಕು. ಕೇರಳದಲ್ಲಿ ರಬ್ಬರ್ ತೋಟಗಳು ಬಹಳ. ನಮ್ಮ ಸುಳ್ಯ, ಪುತ್ತೂರು ಕಡೆಯೂ ಇವೆ. ನಮ್ಮ ಮೈಸೂರಿನಲ್ಲೂ ಟೈರು ಕಾರ್ಖಾನೆ ಇದೆ.

ಒಂದು ಮಾತು ನೆನಪಿಡಿ. ಲಾರಿಯ ಭಾರವನ್ನು ಹೊರುವುದು ಟೈರಿನ ಒಳಗಿನ ಗಾಳಿ. ಆ ಗಾಳಿಯನ್ನು ಹಿಡಿದಿಡುವ ಚೀಲವೇ ಟೈರು. ಗಾಳಿ ಕಡಿಮೆಯಾದರೆ ಚೀಲ ಕುಸಿಯುತ್ತದೆ. ಭಾರ ಹೆಚ್ಚಾದರೂ ಕುಸಿಯುತ್ತದೆ. ಕುಸಿದ ಟೈರು ಓಡುವಾಗ ಸುತ್ತು ಸುತ್ತಿಗೂ ಮಡಚಿ ಬಿಚ್ಚುತ್ತದೆ. ಒಂದು ತಂತಿಯನ್ನು ಬೇಗ ಬೇಗ ಬಗ್ಗಿಸಿ ನೆಟ್ಟಗೆ ಮಾಡಿ ನೋಡಿ. ಬಗ್ಗಿಸಿದ ಜಾಗ ಬಿಸಿಯಾಗುತ್ತದೆ. ಟೈರೂ ಹಾಗೆಯೇ ಬಿಸಿಯಾಗುತ್ತದೆ. ಬಿಸಿ ಹೆಚ್ಚಿದರೆ ಪದರಗಳು ಬಿಡುತ್ತವೆ. ಆಮೇಲೆ ಸಿಡಿಯುತ್ತದೆ.

ಮೊದಲು ಕೆಲಸ ನೋಡಿ

ಹೊಲದ ಕೆಸರಿಗೆ ಒಂದು ಚಪ್ಪಲಿ. ಮದುವೆ ಮನೆಗೆ ಒಂದು ಚಪ್ಪಲಿ. ಟೈರೂ ಹಾಗೆಯೇ. ಲಾರಿ ಎಲ್ಲಿ ಓಡುತ್ತದೆ ಎಂದು ಮೊದಲು ಕೇಳಬೇಕು.

ಟೈರಿನ ಮೇಲ್ಮೈಯಲ್ಲಿ ಗೆರೆಗಳು, ಕಟ್ಟೆಗಳು ಇರುತ್ತವೆ. ಅದನ್ನು ಕೈಯಿಂದ ಮುಟ್ಟಿ ನೋಡಿ.

ಉದ್ದ ಗೆರೆಯ ಟೈರು: ನೇಗಿಲ ಸಾಲಿನ ಹಾಗೆ ಟೈರಿನ ಸುತ್ತಲೂ ಉದ್ದ ಗೆರೆ ಇರುತ್ತದೆ. ಇದಕ್ಕೆ ರಿಬ್ ಟೈರು ಅಂತಾರೆ. ಇದು ಡಾಂಬರು ರಸ್ತೆಗೆ ಒಳ್ಳೆಯದು. ಸ್ಟೇರಿಂಗ್ ತಿರುಗಿಸಿದ ಕಡೆಗೆ ಗಾಡಿ ಸರಿಯಾಗಿ ತಿರುಗುತ್ತದೆ. ಅದಕ್ಕೇ ಇದನ್ನು ಮುಂದಿನ ಚಕ್ರಕ್ಕೆ ಹಾಕುತ್ತಾರೆ.

ಅಡ್ಡ ಕಟ್ಟೆಯ ಟೈರು: ಇದರಲ್ಲಿ ದಪ್ಪ ದಪ್ಪ ಅಡ್ಡ ಕಟ್ಟೆಗಳಿರುತ್ತವೆ. ಇದಕ್ಕೆ ಲಗ್ ಟೈರು ಅಂತಾರೆ. ಮಣ್ಣು, ಜಲ್ಲಿ, ಕಲ್ಲು ಕ್ವಾರಿಯಲ್ಲಿ ಇದು ಹಿಡಿತ ಕೊಡುತ್ತದೆ. ಎಂಜಿನ್ನು ತಿರುಗಿಸುವ ಹಿಂದಿನ ಚಕ್ರಕ್ಕೆ ಇದನ್ನು ಹಾಕುತ್ತಾರೆ.

ಎರಡೂ ಸೇರಿದ ಟೈರು: ನಡುವೆ ಗೆರೆ, ಅಂಚಿನಲ್ಲಿ ಕಟ್ಟೆ. ಅರ್ಧ ದಾರಿ ಡಾಂಬರು, ಅರ್ಧ ದಾರಿ ಮಣ್ಣು ಇರುವವರಿಗೆ ಇದು ಆಗಿಬರುತ್ತದೆ.

ದಿನಾ ಹೆದ್ದಾರಿಯಲ್ಲಿ ಓಡುವ ಲಾರಿಗೆ ಕ್ವಾರಿ ಟೈರು ಹಾಕಿದರೆ ಏನಾಗುತ್ತದೆ? ದಪ್ಪ ಕಟ್ಟೆ ಬಿಸಿಯಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಕ್ವಾರಿ ಲಾರಿಗೆ ಹೆದ್ದಾರಿ ಟೈರು ಹಾಕಿದರೆ ಕಲ್ಲು ಕೊಯ್ಯುತ್ತದೆ. ಎರಡರಲ್ಲೂ ನಷ್ಟ ನಮಗೇ.

ನೈಲಾನ್ ಟೈರೋ, ರೇಡಿಯಲ್ ಟೈರೋ?

ಅಂಗಡಿಯವರು ಈ ಎರಡು ಹೆಸರು ಹೇಳುತ್ತಾರೆ.

ನೈಲಾನ್ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ, ಒಂದರ ಮೇಲೊಂದು ಇರುತ್ತವೆ. ಪಕ್ಕದ ಗೋಡೆ ದಪ್ಪ. ಕಲ್ಲು ತಾಗಿದರೆ ತಡೆಯುತ್ತದೆ. ಬೆಲೆ ಕಡಿಮೆ. ಆದರೆ ದೂರ ಓಡಿದರೆ ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ.

ರೇಡಿಯಲ್ ಟೈರಿನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ಮೇಲೆ ಉಕ್ಕಿನ ಪಟ್ಟಿ ಇರುತ್ತದೆ. ಬೆಲೆ ಹೆಚ್ಚು. ಆದರೆ ಕಡಿಮೆ ಬಿಸಿಯಾಗುತ್ತದೆ, ಹೆಚ್ಚು ದಿನ ಬರುತ್ತದೆ, ಡೀಸೆಲ್ ಉಳಿಸುತ್ತದೆ. ಇದರ ಪಕ್ಕದ ಗೋಡೆ ತೆಳು. ಅಲ್ಲಿ ಚೂಪು ಕಲ್ಲು ಕೊಯ್ದರೆ ರಿಪೇರಿ ಕಷ್ಟ.

ಹಾಗಾದರೆ ಯಾವುದು ಒಳ್ಳೆಯದು? ಒಳ್ಳೇ ರಸ್ತೆಯಲ್ಲಿ ದೂರ ಓಡುವ ಲಾರಿಗೆ ರೇಡಿಯಲ್. ಕಲ್ಲು ಮುಳ್ಳಿನ ದಾರಿಯಲ್ಲಿ ಹತ್ತಿರವೇ ಓಡುವ ಗಾಡಿಗೆ ನೈಲಾನ್ ಸಾಕಾಗಬಹುದು. ಕ್ವಾರಿ ಕೆಲಸಕ್ಕೆಂದೇ ಮಾಡಿದ ಗಟ್ಟಿ ರೇಡಿಯಲ್ ಟೈರೂ ಸಿಗುತ್ತದೆ. ಆದರೆ ಒಂದೇ ಆಕ್ಸಲಿನಲ್ಲಿ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಹಾಕಲೇಬಾರದು. ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಟೈರಿನ ಮೈಮೇಲೆ ಓದಿ

ಟೈರಿನ ಪಕ್ಕದ ಗೋಡೆಯ ಮೇಲೆ ಉಬ್ಬಿದ ಬರಹ ಇರುತ್ತದೆ. ಅದು ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅಂಕಿ ಬಂದರೆ ಮುಕ್ಕಾಲು ಕೆಲಸ ಆಯ್ತು.

1. ಅಳತೆ. ಲಾರಿ ಟೈರಿನ ಮೇಲೆ ದೊಡ್ಡದಾಗಿ 10.00 ಎಂದಿರುತ್ತದೆ. ಮುಂದೆ 20 ಎಂದಿರುತ್ತದೆ. ಮೊದಲಿನದು ಟೈರಿನ ಅಗಲ, ಹತ್ತು ಅಂಗುಲ. ಕೊನೆಯದು ಒಳಗಿನ ಡಿಸ್ಕಿನ ಅಳತೆ, ಇಪ್ಪತ್ತು ಅಂಗುಲ. ನಡುವೆ ಇಂಗ್ಲಿಷಿನ 'ಆರ್' ಅಕ್ಷರ ಇದ್ದರೆ ಅದು ರೇಡಿಯಲ್. ಬರೀ ಅಡ್ಡಗೆರೆ ಇದ್ದರೆ ನೈಲಾನ್. ಕೆಲವು ಟೈರುಗಳ ಮೇಲೆ 295/90 ಎಂದೂ ಇರುತ್ತದೆ. ಅಲ್ಲಿ 295 ಎಂದರೆ ಅಗಲ, ಮಿಲಿಮೀಟರಿನಲ್ಲಿ. ಹಳೇ ಟೈರಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

2. ಭಾರ. 146/143 ಎಂಬಂಥ ಅಂಕಿ ಹುಡುಕಿ. ಇದು ಕಿಲೋ ಅಲ್ಲ, ಗುರುತಿನ ಅಂಕಿ. 146 ಎಂದರೆ ಒಂದು ಟೈರು 3,000 ಕಿಲೋ ಹೊರುತ್ತದೆ. ಇದು ಮುಂದಿನ ಒಂಟಿ ಟೈರಿನ ಲೆಕ್ಕ. 143 ಎಂದರೆ 2,725 ಕಿಲೋ. ಇದು ಹಿಂದಿನ ಜೋಡಿ ಟೈರಿನಲ್ಲಿ ಒಂದೊಂದರ ಲೆಕ್ಕ. ಮೂರು ಸಾವಿರ ಕಿಲೋ ಅಂದರೆ ಎಷ್ಟು ಗೊತ್ತಾ? ಅರವತ್ತು ಮೂಟೆ ಸಿಮೆಂಟು.

3. ವೇಗ. ಭಾರದ ಅಂಕಿಯ ಪಕ್ಕದಲ್ಲೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಜೆ' ಎಂದರೆ ಗಂಟೆಗೆ 100 ಕಿಲೋಮೀಟರ್ ಮಿತಿ. 'ಕೆ' ಎಂದರೆ 110. ಅಷ್ಟು ಓಡಿಸಿ ಎಂದಲ್ಲ. ಅದಕ್ಕಿಂತ ಹೆಚ್ಚು ಟೈರು ತಡೆಯುವುದಿಲ್ಲ ಎಂದು ಅರ್ಥ.

4. ಹುಟ್ಟಿದ ದಿನ. ಟೈರಿಗೂ ವಯಸ್ಸಿದೆ. ಒಂದು ಪಕ್ಕದಲ್ಲಿ ಮೊಟ್ಟೆಯಾಕಾರದ ಸಣ್ಣ ಮನೆ ಇರುತ್ತದೆ. ಅದರೊಳಗೆ ನಾಲ್ಕು ಅಂಕಿ. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. 2223 ಎಂದಿದ್ದರೆ 2023ನೇ ಇಸವಿಯ 22ನೇ ವಾರದಲ್ಲಿ ತಯಾರಾಯಿತು ಎಂದು ಅರ್ಥ. ಓಡದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಹಳೆಯದಾದರೆ ಒಣಗಿ ಬಿರಿಯುವುದಿಲ್ಲವೇ? ಹಾಗೆ.

5. ಐಎಸ್‌ಐ ಗುರುತು. ನಮ್ಮ ದೇಶದಲ್ಲಿ ಮಾರುವ ಲಾರಿ ಟೈರಿನ ಮೇಲೆ ಈ ಗುರುತು ಇರಬೇಕು. ಅದರ ಜೊತೆ 15636 ಎಂಬ ಅಂಕಿ ಇರುತ್ತದೆ. ಮುಟ್ಟಿ, ಓದಿ, ಖಚಿತ ಮಾಡಿಕೊಳ್ಳಿ.

ಈಗ ಲೆಕ್ಕ ಮಾಡೋಣ

ಆರು ಚಕ್ರದ ಲಾರಿ ಇದೆ. ಆರಕ್ಕೂ 146/143 ಟೈರು ಹಾಕಿದೆ.

ಮುಂದಿನ ಎರಡು ಟೈರು: 3,000 + 3,000 = 6,000 ಕಿಲೋ.
ಹಿಂದಿನ ನಾಲ್ಕು ಟೈರು: 2,725 × 4 = 10,900 ಕಿಲೋ.
ಒಟ್ಟು: 16,900 ಕಿಲೋ.

ಇಷ್ಟೂ ಸಾಮಾನಿನ ಭಾರ ಅಲ್ಲ. ಲಾರಿಯ ಸ್ವಂತ ತೂಕವೂ ಇದರಲ್ಲೇ ಸೇರಿದೆ. ಲಾರಿಯ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ. ಖಾಲಿ ಗಾಡಿಯ ತೂಕ, ಸಾಮಾನು ತುಂಬಿದ ಗಾಡಿಯ ತೂಕ. ತುಂಬಿದ ತೂಕ 16,200 ಕಿಲೋ, ಖಾಲಿ ತೂಕ 6,200 ಕಿಲೋ ಎಂದು ಇಟ್ಟುಕೊಳ್ಳಿ. ಕಳೆಯಿರಿ. 10,000 ಕಿಲೋ ಉಳಿಯಿತು. ಅಂದರೆ ಹತ್ತು ಟನ್. ಹದಿನೈದು ಟನ್ ಜಲ್ಲಿ ತುಂಬಿದರೆ ಹೆಚ್ಚಿನ ಐದು ಟನ್ ಯಾರು ಹೊರಬೇಕು?

2018ರಲ್ಲಿ ಕೇಂದ್ರ ಸರಕಾರ ಲಾರಿಗಳ ಭಾರದ ಮಿತಿ ಹೆಚ್ಚಿಸಿತು. ಆರು ಚಕ್ರದ ಲಾರಿಯ ಮಿತಿ 16,200 ಕಿಲೋದಿಂದ 18,500 ಕಿಲೋಗೆ ಏರಿತು. ಇದರಲ್ಲಿ ಮುಂದಿನ ಆಕ್ಸಲಿಗೆ 7,000 ಕಿಲೋ ತನಕ ಬರಬಹುದು. ಆಗ ಮುಂದಿನ ಒಂದೊಂದು ಟೈರಿಗೆ 3,500 ಕಿಲೋ ಆಯ್ತು. 146 ಅಂಕಿಯ ಟೈರು ಅದಕ್ಕೆ ಸಾಲದು. 3,550 ಕಿಲೋ ಹೊರುವ 152 ಅಂಕಿಯ ಟೈರು ಬೇಕು. ಹಾಗಾಗಿ ನಿಮ್ಮ ಗಾಡಿಯ ಆರ್‌ಸಿಯಲ್ಲಿ ಏನು ಬರೆದಿದೆ ನೋಡಿ. ಅದಕ್ಕೆ ತಕ್ಕ ಅಂಕಿಯ ಟೈರು ಕೇಳಿ.

ರೀಟ್ರೇಡ್ ಟೈರು

ಟೈರಿನ ಮೇಲ್ಮೈ ಸವೆದಿರುತ್ತದೆ. ಒಳಗಿನ ಪದರ ಗಟ್ಟಿ ಇರುತ್ತದೆ. ಆಗ ಸವೆದ ರಬ್ಬರನ್ನು ಉಜ್ಜಿ ತೆಗೆದು, ಹೊಸ ರಬ್ಬರು ಅಂಟಿಸಿ, ಕಾಯಿಸಿ ಕೂರಿಸುತ್ತಾರೆ. ಇದೇ ರೀಟ್ರೇಡ್. ಕೆಲವರು ರೀಸೋಲ್ ಅಂತಲೂ ಅನ್ನುತ್ತಾರೆ. ಚಪ್ಪಲಿಗೆ ಅಟ್ಟೆ ಹಾಕಿಸಿದ ಹಾಗೆ.

ಇದು ಮೋಸದ ಕೆಲಸ ಅಲ್ಲ. ಖರ್ಚು ಬಹಳ ಉಳಿಯುತ್ತದೆ. ಆದರೆ ಮೂರು ಮಾತು ನೆನಪಿಡಿ.

ಒಂದು, ಒಳಗಿನ ದಾರ ಕಾಣುವ ತನಕ ಓಡಿಸಬೇಡಿ. ಅಷ್ಟು ಸವೆದ ಟೈರು ರೀಟ್ರೇಡಿಗೆ ಬರುವುದಿಲ್ಲ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಸವೆದ ಟೈರು ಆ ದಿಬ್ಬಕ್ಕೆ ಸಮ ಆಯ್ತು ಅಂದರೆ ಅದರ ಕಾಲ ಮುಗಿಯಿತು.

ಎರಡು, ಕೆಲಸ ಗೊತ್ತಿರುವ ಕಡೆಯೇ ಮಾಡಿಸಿ. ಅವರು ಒಳಗೆ ಹೊರಗೆ ಬೆಳಕು ಹಿಡಿದು ನೋಡಬೇಕು. ಗಾಯ ಇದ್ದರೆ "ಆಗಲ್ಲ" ಎಂದು ಹೇಳಬೇಕು.

ಮೂರು, ಮುಂದಿನ ಚಕ್ರಕ್ಕೆ ರೀಟ್ರೇಡ್ ಹಾಕಬೇಡಿ. ಹಿಂದೆ ಜೋಡಿ ಟೈರು ಇರುತ್ತದೆ. ಒಂದು ಸಿಡಿದರೂ ಇನ್ನೊಂದು ಸ್ವಲ್ಪ ಹೊತ್ತು ತಡೆಯುತ್ತದೆ. ಮುಂದೆ ಇರುವುದು ಒಂದೇ. ಅದು ಸಿಡಿದರೆ ಸ್ಟೇರಿಂಗ್ ಕೈತಪ್ಪುತ್ತದೆ.

ನಮ್ಮ ಅಕ್ಕನ ಲಾರಿಗೆ ಆದದ್ದು ಇದೇ. ಮುಂದೆ ಹಾಕಿದ್ದು ರೀಟ್ರೇಡ್ ಟೈರು. ಹೊಸ ರಬ್ಬರು ಕಂಡಿತು, ಒಳಗಿನ ಹಳೇ ಮೈ ಕಾಣಲಿಲ್ಲ. ಮೇಲೆ ಹೆಚ್ಚಿನ ಭಾರ. ಗಾಳಿ ನೋಡಿ ವಾರ ಕಳೆದಿತ್ತು. ಬೇಸಿಗೆಯ ಬಿಸಿಲು ಬೇರೆ.

ಜೋಡಿ ಟೈರು

ಹಿಂದಿನ ಜೋಡಿ ಟೈರುಗಳು ಒಂದೇ ಎತ್ತರ ಇರಬೇಕು. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದ್ದೇ ಎಲ್ಲಾ ಭಾರ ಹೊರುತ್ತದೆ. ನೊಗಕ್ಕೆ ಒಂದು ಕಡೆ ದೊಡ್ಡ ಎತ್ತು, ಒಂದು ಕಡೆ ಕರು ಕಟ್ಟಿದ ಹಾಗೆ. ಜೋಡಿಯ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಹೊರಡುವ ಮುಂಚೆ ತೆಗೆಯಬೇಕು. ಒಳಗಿನ ಟೈರಿನ ಗಾಳಿ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕ್ಲೀನರುಗಳು ರಾಡಿನಿಂದ ತಟ್ಟಿ ಸದ್ದು ಕೇಳುತ್ತಾರೆ.

ಗಾಳಿಯೇ ಜೀವ

ಎಷ್ಟೇ ಬೆಲೆಯ ಟೈರು ತಂದರೂ ಗಾಳಿ ಸರಿ ಇಲ್ಲದಿದ್ದರೆ ದುಡ್ಡು ದಂಡ. ಎಷ್ಟು ಗಾಳಿ ಬೇಕು? ಟೈರು ಕಂಪನಿಯ ಪಟ್ಟಿಯಲ್ಲಿ ಇರುತ್ತದೆ. ಅಂಗಡಿಯವರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ಗಾಳಿ ನೋಡಬೇಕು. ಮೀಟರಿನಲ್ಲೇ ನೋಡಬೇಕು. ರೇಡಿಯಲ್ ಟೈರಿನ ಪಕ್ಕ ಸ್ವಲ್ಪ ಉಬ್ಬಿಯೇ ಇರುತ್ತದೆ. ಕಣ್ಣಳತೆ ಸಾಲದು. ಓಡಿ ಬಂದ ಬಿಸಿ ಟೈರಿನಲ್ಲಿ ಗಾಳಿ ಹೆಚ್ಚು ತೋರಿಸುತ್ತದೆ. ಅಂತ ಗಾಳಿ ಬಿಡಬಾರದು. ತಣ್ಣಗಾದ ಮೇಲೆ ಕಡಿಮೆ ಆಗಿಬಿಡುತ್ತದೆ.

ಟೈರು ಸವೆದ ರೀತಿಯೇ ಮಾತಾಡುತ್ತದೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಚಕ್ರ ನೆಟ್ಟಗಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು.

ಇನ್ನೊಂದು ಎಚ್ಚರ. ಟ್ಯೂಬ್ ಇರುವ ಲಾರಿ ಚಕ್ರಗಳಿಗೆ ಕಬ್ಬಿಣದ ಲಾಕ್ ರಿಂಗ್ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಬಾಣದಂತೆ ಹಾರುತ್ತದೆ. ಜೀವ ಹೋಗುತ್ತದೆ. ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗೆ ಇಡಬೇಕು. ಎದುರಿಗೆ ಯಾರೂ ನಿಲ್ಲಬಾರದು. ಪಂಕ್ಚರ್ ಅಂಗಡಿಯಲ್ಲಿ ಕೆಲಸ ಕಲಿಯುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಅಗ್ಗದ್ದು ನಿಜವಾಗಿ ಅಗ್ಗವೇ?

ಒಂದು ಲೆಕ್ಕ ನೋಡಿ. ಇದು ಲೆಕ್ಕ ಕಲಿಯಲು ಮಾತ್ರ. ಅಂಗಡಿ ಬೆಲೆ ಬೇರೆ ಇರುತ್ತದೆ.

ಒಂದು ಟೈರಿಗೆ 18,000 ರೂಪಾಯಿ. ಅದು 45,000 ಕಿಲೋಮೀಟರ್ ಓಡಿತು. ಕಿಲೋಮೀಟರಿಗೆ 40 ಪೈಸೆ ಬಿತ್ತು.
ಇನ್ನೊಂದು ಟೈರಿಗೆ 24,000 ರೂಪಾಯಿ. ಅದು 80,000 ಕಿಲೋಮೀಟರ್ ಓಡಿತು. ಕಿಲೋಮೀಟರಿಗೆ 30 ಪೈಸೆ ಬಿತ್ತು.

ಯಾವುದು ಅಗ್ಗ? ಬೆಲೆ ಹೆಚ್ಚಿನದೇ ಅಗ್ಗವಾಯಿತು! ಆದರೆ ಇದು ಗೊತ್ತಾಗಬೇಕಾದರೆ ಬರೆದಿಡಬೇಕು. ಒಂದು ನೋಟ್ ಪುಸ್ತಕ ಸಾಕು. ಟೈರು ಹಾಕಿದ ದಿನ, ಆ ದಿನ ಮೀಟರಿನಲ್ಲಿದ್ದ ಕಿಲೋಮೀಟರು, ಕೊಟ್ಟ ದುಡ್ಡು, ತೆಗೆದ ದಿನ. ಈ ಪುಸ್ತಕ ನಮ್ಮ ಕೈಯಲ್ಲಿ ಇರಲಿ.

ಅಕ್ಕ ಟೈರು ಕೊಂಡರು

2024ರಲ್ಲಿ ಅಕ್ಕ ಸಂಘದಿಂದ ಸಾಲ ತೆಗೆದರು. ಮುಂದಿನ ಚಕ್ರಕ್ಕೆ ಎರಡು ಹೊಸ ಟೈರು ಬೇಕಿತ್ತು. ಯಜಮಾನರ ಜೊತೆ ಪೇಟೆಗೆ ಹೋದರು. ನಮ್ಮನ್ನೂ ಕರೆದರು.

ಅಂಗಡಿಯವರು ಎರಡು ಟೈರು ಉರುಳಿಸಿಕೊಂಡು ಬಂದರು. ಮಿರಿಮಿರಿ ಮಿಂಚುತ್ತಿದ್ದವು. "ಹೊಸಾ ಮಾಲು ಅಕ್ಕಾ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂದರು.

ಅಕ್ಕ ಕಣ್ಣು ಮುಚ್ಚಲಿಲ್ಲ. ಕುಕ್ಕರುಗಾಲಲ್ಲಿ ಕೂತರು. ಸೆರಗಿನಿಂದ ಧೂಳು ಒರೆಸಿದರು. ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಸೊನ್ನೆ, ಆರು, ಒಂದು, ಎಂಟು.

"ಅಣ್ಣಾ, ಇದು 2018ನೇ ಇಸವಿ ಆರನೇ ವಾರದ್ದು. ಆರು ವರ್ಷದ ಹಳೇದು. ಬೇರೆ ಕೊಡಿ" ಅಂದರು.

ಅಂಗಡಿಯವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಳಗಿಂದ ಬೇರೆ ಟೈರು ತಂದರು. ಅಕ್ಕ ಅದನ್ನೂ ಓದಿದರು. ಅಳತೆ ಸರಿ ಇತ್ತು. ಭಾರದ ಅಂಕಿ ಸರಿ ಇತ್ತು. ಇಸವಿ ಅದೇ ವರ್ಷದ್ದು. ಉದ್ದ ಗೆರೆಯ ಟೈರು. ಬಿಲ್ಲು ಕೇಳಿ ಪಡೆದರು. ಟೈರಿನ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಂಡರು. ಮುಂದೆ ಟೈರಿನಲ್ಲಿ ದೋಷ ಕಂಡರೆ ಆ ಬಿಲ್ಲೇ ಆಧಾರ.

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ದಾರಿಯಲ್ಲಿ ಬರುವಾಗ ಹೇಳಿದರು. "ಇನ್ನು ಮೇಲೆ ಹತ್ತು ಟನ್ನೇ ತುಂಬ್ತೀನಿ. ಬಾಡಿಗೆ ಕಮ್ಮಿ ಆದ್ರೂ ಸರಿ."

ಅಕ್ಕ ನಕ್ಕರು. "ಗಾಳಿ ನಾನೇ ನೋಡ್ತೀನಿ" ಅಂದರು.

ನೆನಪಿಡಿ

* ಲಾರಿ ಓಡುವ ದಾರಿ ನೋಡಿ ಟೈರು ಆರಿಸಿ.
* ಅಳತೆ, ಭಾರ, ವೇಗ, ಇಸವಿ, ಐಎಸ್‌ಐ ಗುರುತು ಐದನ್ನೂ ಓದಿ.
* ಮುಂದಿನ ಚಕ್ರಕ್ಕೆ ರೀಟ್ರೇಡ್ ಬೇಡ.
* ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಭಾರ ಬೇಡ.
* ಟೈರು ತಣ್ಣಗಿರುವಾಗ ಗಾಳಿ ನೋಡಿ. ಬಿಲ್ಲು ಪಡೆಯಿರಿ.

ಯೋಚಿಸಿ, ಹೇಳಿ

1. ಒಂದು ಟೈರಿನ ಮೇಲೆ 3521 ಎಂದಿದೆ. ಅದು ಯಾವ ವರ್ಷ ತಯಾರಾಯಿತು?
2. ಒಂದು ಲಾರಿಯ ಖಾಲಿ ತೂಕ 6,500 ಕಿಲೋ. ತುಂಬಿದ ತೂಕ 16,200 ಕಿಲೋ. ಎಷ್ಟು ಸಾಮಾನು ತುಂಬಬಹುದು?
3. ಟೈರಿನ ಎರಡೂ ಅಂಚು ಸವೆದಿದೆ. ಕಾರಣ ಏನು?

ಮಾಡಿ ನೋಡಿ

ನಿಮ್ಮ ಊರಿನ ಒಂದು ಲಾರಿ ಅಥವಾ ಟ್ರ್ಯಾಕ್ಟರ್ ಟ್ರೇಲರ್ ನಿಂತಿರುವಾಗ ಹತ್ತಿರ ಹೋಗಿ. ಟೈರಿನ ಮೇಲಿರುವ ಅಂಕಿಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ತರಗತಿಗೆ ತನ್ನಿ. ಎಲ್ಲರೂ ಸೇರಿ ಓದೋಣ.